ಮೂರನೆಯ ಸಲ ನಾನು ಕೇಳಲಿಲ್ಲ

ನಮ್ಮ ಚರ್ಚಿಗೆ ಬರುವ ವರ್ಷ ನೂರಿಪ್ಪತ್ತೈದು ತುಂಬುತ್ತದೆ. ಅದಕ್ಕೊಂದು ಪುಸ್ತಕ ಮಾಡುತ್ತಾರಂತೆ, ಊರಿನ ಹಿರಿಯರ ಬಗ್ಗೆ ಒಂದೊಂದು ಪುಟ. ಆರ್ವಿಡ್ ಮೋಯೆನ್ ಬಗ್ಗೆ ನೀನೇ ಬರಿ ಐಲಾ, ನಿನಗೆ ಅವರು ಚೆನ್ನಾಗಿ ಗೊತ್ತಲ್ಲ, ಅಂತ ನನ್ನ ತಲೆಗೆ ಕಟ್ಟಿದರು. ಬರೆಯಲು ಕೂತೆ. ಒಂದು ಪುಟದಲ್ಲಿ ಮುಗಿಯಲಿಲ್ಲ. ಮುಗಿದ ಮೇಲೆ ಇದನ್ನು ಚರ್ಚಿನವರಿಗೆ ಕೊಡುವ ಹಾಗೂ ಇಲ್ಲ ಅಂತ ಗೊತ್ತಾಯಿತು. ಅವರಿಗೆ ಬೇರೆ ಒಂದು ಪುಟ ಬರೆದುಕೊಟ್ಟೆ, ಹುಟ್ಟಿದ್ದು, ಮದುವೆಯಾದದ್ದು, ದೊಡ್ಡ ಮೀನು ಹಿಡಿದದ್ದು. ಇದು ಉಳಿದದ್ದು.

ಮಿನೆಸೊಟಾ ರಾಜ್ಯದ ಕೆಟಲ್ ಕೆರೆಯ ದಂಡೆಯಲ್ಲಿ ನನ್ನದೊಂದು ಹುಳದಂಗಡಿ ಇದೆ. ಎರೆಹುಳ, ಜಿಗಣೆ, ಗಾಳಕ್ಕೆ ಚುಚ್ಚುವ ಸಣ್ಣ ಮೀನು, ಕಾಫಿ, ಬೆಂಕಿಪೊಟ್ಟಣ, ಮೀನು ಹಿಡಿಯುವ ಲೈಸೆನ್ಸು, ಇವಿಷ್ಟು ಸಿಗುತ್ತವೆ. ನನ್ನ ಬೈಗುಳ ಪುಕ್ಕಟೆ. ಅಪ್ಪ ಹೋದ ಮೇಲೆ ಇಪ್ಪತ್ತಾರು ವರ್ಷದಿಂದ ನಾನೇ ನಡೆಸುತ್ತಿದ್ದೇನೆ. ಆರ್ವಿಡ್ ಅಂಗಡಿಗೆ ಬಂದರೆ ಮೊದಲು ಹುಳದ ಪೆಟ್ಟಿಗೆಯ ಮುಚ್ಚಳ ತೆಗೆದು ಮಣ್ಣು ಮೂಸುತ್ತಿದ್ದರು. "ನಿಮ್ಮಪ್ಪ ಮಣ್ಣಿಗೆ ಕಾಫಿ ಚರಟ ಹಾಕ್ತಿದ್ದ. ನೀನು ಜಿಪುಣಿ ಕಣಮ್ಮ" ಅನ್ನುತ್ತಿದ್ದರು. ನಾನು, "ನಮ್ಮಪ್ಪನ ಹುಳ ತಿಂದು ನೀವು ಇಷ್ಟು ದಪ್ಪ ಆಗಿದ್ದಾ?" ಅನ್ನುತ್ತಿದ್ದೆ. ಅಷ್ಟಾದ ಮೇಲೆ ವ್ಯಾಪಾರ.

ಆ ಮನುಷ್ಯ ಹುಟ್ಟಿದ್ದೇ ಕೆರೆಯ ಉತ್ತರ ದಂಡೆಯ ಮರದ ಮನೆಯಲ್ಲಿ. ಅವರ ಅಪ್ಪ ಕಾಡು ಕಡಿಯುವ ಕೆಲಸದಲ್ಲಿದ್ದವರು, ತಮ್ಮ ಕೈಯಾರೆ ಕಟ್ಟಿದ ಮನೆ ಅದು. ಎರಡು ಕೋಣೆ, ಒಂದು ಒಲೆ, ಮುಂದೆ ನೀರಿಗೆ ಚಾಚಿದ ಹಲಗೆಯ ದಕ್ಕೆ. ಆರ್ವಿಡ್ ಮೊದಲು ದೋಣಿಯ ಮೋಟಾರು ರಿಪೇರಿ ಮಾಡುತ್ತಿದ್ದರು. ನಮ್ಮಲ್ಲಿ ಚಳಿಗಾಲಕ್ಕೆ ಕೆರೆ ಹೆಪ್ಪುಗಟ್ಟಿ ಮೊಳಗಟ್ಟಲೆ ದಪ್ಪದ ಕಲ್ಲಾಗುತ್ತದೆ, ಮೀನು ಬೇಕೆಂದರೆ ಬೈರಿಗೆಯಿಂದ ತೂತು ಕೊರೆಯಬೇಕು. ಕೊರೆದು ಕೊರೆದು ಎಲ್ಲರ ಹೆಗಲೂ ಕಳಚಿ ಬರುತ್ತಿತ್ತು. ಆರ್ವಿಡ್ ಒಂದು ಚಳಿಗಾಲವೆಲ್ಲ ಕೂತು ಬೈರಿಗೆಯ ಅಲಗನ್ನು ಬೇರೆ ಥರ ಬಾಗಿಸಿದರು. ಬೆಣ್ಣೆಗೆ ಚಾಕು ಇಳಿದ ಹಾಗೆ ಇಳಿಯಿತು. ಅದರಿಂದ ಒಂದು ಕಾರ್ಖಾನೆಯಾಯಿತು, ಇಪ್ಪತ್ತೆರಡು ಜನಕ್ಕೆ ಅನ್ನವಾಯಿತು. ಅವರ ಹೆಂಡತಿ ಲವಾನ್ ಆಫೀಸು ನೋಡಿಕೊಂಡು, ಸಂಜೆ ಹೊತ್ತು ಬೈರಿಗೆಗಳಿಗೆ ಹಸಿರು ಬಣ್ಣ ಬಳಿಯುತ್ತಿದ್ದಳು. ಆ ಬಣ್ಣದ ಗಾಳಿಯೇ ಅವಳ ಶ್ವಾಸಕೋಶ ತಿಂದಿತು ಅಂತ ಆರ್ವಿಡ್ ಇವತ್ತಿಗೂ ನಂಬಿದ್ದಾರೆ. ಡಾಕ್ಟರು ಸಿಗರೇಟು ಅಂದಿದ್ದರು. ಆರ್ವಿಡ್ ತಮ್ಮ ಮೇಲೇ ಹಾಕಿಕೊಂಡರು.

ಮುಂದಿನದನ್ನು ಹೇಳುವ ಮೊದಲು ನಮ್ಮವರ ಒಂದು ರೂಢಿ ಹೇಳಬೇಕು. ಮನೆಗೆ ಬಂದವರಿಗೆ ಕಾಫಿ ಬೇಕಾ ಅಂದರೆ ಬೇಡ ಅನ್ನುತ್ತಾರೆ. ಅದು ಬೇಡ ಅಲ್ಲ. ಸ್ವಲ್ಪ ಹೊತ್ತು ಮಳೆ ಗಾಳಿಯ ಮಾತಾಡಿ ಇನ್ನೊಮ್ಮೆ ಕೇಳಬೇಕು. ಆಗಲೂ "ಅಯ್ಯೋ, ನಿಮಗ್ಯಾಕೆ ತೊಂದ್ರೆ" ಅನ್ನುತ್ತಾರೆ. ಮೂರನೆಯ ಸಲ ಕೇಳಿದರೆ, "ಹೇಗೂ ಮಾಡ್ತಾ ಇದ್ರೆ ಅರ್ಧ ಲೋಟ ಕೊಡಿ" ಅಂತ ಶುರುಮಾಡಿ ಪಾತ್ರೆ ಖಾಲಿ ಮಾಡುತ್ತಾರೆ. ಎರಡು ಸಲ ಕೇಳಿ ಸುಮ್ಮನಾದವರನ್ನು ಊರೆಲ್ಲ ಆಡಿಕೊಳ್ಳುತ್ತದೆ. ಮೂರನೆಯ ಸಲವೂ ಬೇಡ ಅಂದರೆ ಮಾತ್ರ ಅದು ನಿಜವಾದ ಬೇಡ. ಕಾಫಿಗೂ ಅಷ್ಟೇ, ಸಹಾಯಕ್ಕೂ ಅಷ್ಟೇ. ಹೊರಗಿನಿಂದ ಮದುವೆಯಾಗಿ ಬಂದವರು ಇದನ್ನು ಕಲಿಯುವಷ್ಟರಲ್ಲಿ ಅರ್ಧ ಹಸಿದಿರುತ್ತಾರೆ.

ಲವಾನ್‌ಗೆ ಮಿನೆಸೊಟಾದ ಚಳಿ ಆಗುವುದೇ ಇಲ್ಲ ಅಂತ ಡಾಕ್ಟರು ಖಡಾಖಂಡಿತ ಹೇಳಿದಾಗ ಆರ್ವಿಡ್‌ಗೆ ಅರವತ್ತೆಂಟು. ಅಕ್ಟೋಬರಿನಲ್ಲಿ ಇಬ್ಬರೂ ಟೆಕ್ಸಾಸಿನ ದಕ್ಷಿಣ ತುದಿಗೆ ಹೊರಟರು. ಚಳಿಗಾಲ ಕಳೆದು ಬರುವ ಹೊರಡುವಿಕೆ ಅಲ್ಲ ಅದು. ಊರೊಳಗಿನ ದೊಡ್ಡ ಮನೆ ಮಾರಿದರು. ಅಲ್ಲಿ ಚಕ್ಕೋತದ ಮರವಿದ್ದ ಪುಟ್ಟ ಮನೆ ಕೊಂಡರು. ಡ್ರೈವಿಂಗ್ ಲೈಸೆನ್ಸು ಅಲ್ಲಿಯದು, ಗಾಡಿಯ ನಂಬರು ಅಲ್ಲಿಯದು, ಓಟು ಅಲ್ಲಿ, ಡಾಕ್ಟರು ಅಲ್ಲಿ. ಕೆರೆಯ ಮರದ ಮನೆ ಒಂದನ್ನು ಮಾತ್ರ ಇಟ್ಟುಕೊಂಡರು, ಬೇಸಿಗೆಗೆ ಒಂದಷ್ಟು ದಿನ ಬಂದಿರಲು. ಹೊರಡುವ ದಿನ ಲವಾನ್ ನನ್ನ ಕೈ ಹಿಡಿದುಕೊಂಡು, "ಡಿಸೆಂಬರ್‌ಗೆ ಚಕ್ಕೋತ ಕಳಿಸ್ತೀನಿ, ಹುಳದ ಪಕ್ಕ ಇಡಬೇಡ್ವೇ" ಅಂದಳು. ಕಳಿಸಿದಳು ಕೂಡ.

ಮರುವರ್ಷ ಮೇ ತಿಂಗಳು. ಮೀನಿನ ಹಂಗಾಮು ತೆರೆಯುವ ಹಿಂದಿನ ದಿನ, ಶುಕ್ರವಾರ. ಆ ದಿನ ನಮ್ಮಲ್ಲಿ ಮದುವೆಗಳಿಡುವುದಿಲ್ಲ, ಯಾರೂ ಬರುವುದಿಲ್ಲ ಅಂತ. ಅಂಗಡಿಯ ಬಾಗಿಲಾಚೆಗೂ ಸಾಲು ನಿಂತಿತ್ತು. ಸಾಲಿನಲ್ಲಿ ಆರ್ವಿಡ್ ಇದ್ದರು, ಬಿಸಿಲಿಗೆ ಕೆಂಪಗೆ ಬೆಂದು.

"ಏನ್ರೀ ಟೆಕ್ಸಾಸಿನ ದೊರೆ! ಅಲ್ಲಿ ಮೀನು ಸಿಗಲ್ವಾ?" ಅಂದೆ.

"ಸಿಗ್ತವೆ ಕಣಮ್ಮ. ಬೆಚ್ಚಗಿನ ನೀರಲ್ಲಿ ಬೆಳೆದವು, ಸೋಮಾರಿಗಳು. ಎಳೆದ್ರೆ ಸುಮ್ನೆ ಬಂದ್ಬಿಡ್ತವೆ. ಬೇಜಾರು."

ಹೆಸರು ಹೊಡೆದೆ. ಲೈಸೆನ್ಸಿನ ಯಂತ್ರದಲ್ಲಿ ಅವರ ಹಳೆಯ ವಿಳಾಸವೇ ಬಂತು, ಕೆಟಲ್ ಕೆರೆ ರಸ್ತೆಯ ಮರದ ಮನೆಯದು. ಆಮೇಲೆ ಒಂದು ಪ್ರಶ್ನೆ ಬರುತ್ತದೆ: ಈ ರಾಜ್ಯದ ನಿವಾಸಿಯೇ? ಹೌದು, ಇಲ್ಲ. ನಿವಾಸಿಗೆ ಒಂದು ದರ, ಹೊರರಾಜ್ಯದವರಿಗೆ ಹೆಚ್ಚುಕಡಿಮೆ ಎರಡರಷ್ಟು. ಲೈಸೆನ್ಸು ಮಾರುವವರು ಆ ಪ್ರಶ್ನೆಯನ್ನು ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಕೇಳಲೇಬೇಕು, ಅದು ನಿಯಮ. ಪ್ಯಾಟೆಯಿಂದ, ಪಕ್ಕದ ರಾಜ್ಯದಿಂದ ಬಂದವರಿಗೆ ನಾನು ಆ ಪ್ರಶ್ನೆಯನ್ನು ಚಪ್ಪರಿಸಿಕೊಂಡು ಕೇಳುತ್ತೇನೆ. ಆರ್ವಿಡ್‌ಗೆ ಕೇಳಲಿಲ್ಲ. ನೆನಪಾಗಲಿಲ್ಲ ಅಂದರೆ ಸುಳ್ಳು. ನೆನಪಾಯಿತು. ಈ ಕೆರೆಯಲ್ಲೇ ಈಜು ಕಲಿತವರಿಗೆ ನೀವು ಎಲ್ಲಿಯವರು ಅಂತ ಹೇಗೆ ಕೇಳುವುದು, ಅದೂ ಇಷ್ಟು ಜನರ ಎದುರಿಗೆ? ಹೌದು ಅಂತ ಒತ್ತಿದೆ. ಕಾಗದ ಹೊರಬಂತು. ಅವರು ಕನ್ನಡಕಕ್ಕೆ ಜೇಬು ತಡಕಿದರು, ಗಾಡಿಯಲ್ಲಿ ಬಿಟ್ಟಿದ್ದರು. "ಎಲ್ಲಿ ಸೈನು?" ಅಂದರು. ನಾನು ಬೆರಳಿಟ್ಟು ತೋರಿಸಿದೆ. ಹಾಕಿದರು.

ಜೂನಿನಲ್ಲಿ ಲವಾನ್ ಹೇಳಿದಳು. ಲೈಸೆನ್ಸು ತಂದ ಸಂಜೆಯೇ ಅವಳು ಅದರಲ್ಲಿದ್ದ 'ನಿವಾಸಿ' ಅನ್ನುವ ಸಾಲನ್ನು ಗಟ್ಟಿಯಾಗಿ ಓದಿ ನಕ್ಕಳಂತೆ. "ನೋಡ್ರೀ, ಐಲಾ ನಮ್ಮನ್ನ ಇನ್ನೂ ಹೋಗೋಕೇ ಬಿಟ್ಟಿಲ್ಲ" ಅಂದಳಂತೆ. ಆರ್ವಿಡ್, "ಬೆಳಿಗ್ಗೆ ಹೋಗಿ ಸರಿಮಾಡಿಸ್ತೀನಿ" ಅಂದರಂತೆ. "ಇರ್ಲಿ ಬಿಡಿ, ಓದೋಕೆ ಚೆನ್ನಾಗಿದೆ" ಅಂತ ಅವಳು ಅದನ್ನು ಒಲೆಯ ಪಕ್ಕದ ಗೋಡೆಗೆ ಮೊಳೆ ಹೊಡೆದಳು. ಈ ಮಾತು ಹೇಳುವಾಗ ಅವಳು ದಕ್ಕೆಯ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು, ಮೂಗಿಗೆ ಆಮ್ಲಜನಕದ ನಳಿಗೆ, ಕಾಲು ನೀರಿನಲ್ಲಿ. ನನಗೆ ಹೆಮ್ಮೆಯಾಯಿತು. ಏನೋ ದೊಡ್ಡ ಉಪಕಾರ ಮಾಡಿದೆ ಅನ್ನಿಸಿತು.

ಅದೇ ಜೂನಿನಲ್ಲಿ ಆರ್ವಿಡ್ ಕಾರ್ಖಾನೆಯ ಷೇರುಗಳನ್ನೆಲ್ಲ ಮಾರಿದರು. ಬಂದದ್ದರಲ್ಲಿ ಅರ್ಧವನ್ನು ಆ ಇಪ್ಪತ್ತೆರಡು ಜನಕ್ಕೆ ಹಂಚಿದರು. ಕೇಳಿದ್ದಕ್ಕೆ, "ಅವರ ಹೆಗಲೂ ಕಳಚಿದೆಯಲ್ಲಮ್ಮ" ಅಂದರು. ಉಳಿದರ್ಧ ಲವಾನಳ ಆರೈಕೆಗೆ ಹೋಯಿತು, ಹೆಚ್ಚುಕಡಿಮೆ ಎರಡು ವರ್ಷ ಹಗಲೂ ರಾತ್ರಿ ದಾದಿಯರು. ಷೇರು ಮಾರಿದ ಮೇಲಿನ ಎರಡನೆಯ ಚಳಿಗಾಲ ಅವಳು ಟೆಕ್ಸಾಸಿನಲ್ಲೇ ತೀರಿಕೊಂಡಳು. ಬೇಸಿಗೆಗೆ ಆರ್ವಿಡ್ ಅವಳ ಬೂದಿ ತಂದು, ದಕ್ಕೆಯ ತುದಿಯಲ್ಲಿ ಮಂಡಿಯೂರಿ, ಕೆರೆಗೆ ಬಿಟ್ಟರು. ಚರ್ಚಿನವರೆಲ್ಲ ದಂಡೆಯಲ್ಲಿ ನಿಂತು ಹಾಡಿದೆವು. ಆಮೇಲೆ ಇದ್ದಷ್ಟು ದಿನವೂ ಅವರು ಅದೇ ತುದಿಯಲ್ಲಿ ಗಾಳ ಹಾಕಿ ಕೂರುತ್ತಿದ್ದರು. ಮೀನು ಹಿಡಿದದ್ದು ನಾನು ಕಾಣೆ. ಯಾರೋ ಮಾತಾಡುವುದು ಕೇಳಿಸಿಕೊಳ್ಳುವವರ ಹಾಗೆ ತಲೆ ಓರೆ ಮಾಡಿರುತ್ತಿದ್ದರು.

ಕಾಗದ ಬಂದದ್ದು ಅದರ ಮರುವರ್ಷ. ಬೇಸಿಗೆಗೆ ಬಂದವರೇ ನೇರ ಅಂಗಡಿಗೆ ತಂದು ಕೌಂಟರಿನ ಮೇಲಿಟ್ಟರು. ಆ ದಿನ ಮಣ್ಣು ಮೂಸಲಿಲ್ಲ.

"ನಾನು ಎಲ್ಲಿಯವನು ಅಂತ ಕೇಳ್ತಿದಾರೆ ಕಣಮ್ಮ" ಅಂದರು.

ರಾಜ್ಯದ ತೆರಿಗೆ ಕಚೇರಿಯ ಕಾಗದ. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ನಮ್ಮಲ್ಲಿ ಇದೆ. ಷೇರು ಮಾರಿದ ಆ ಜೂನಿನಲ್ಲಿ ಆರ್ವಿಡ್ ಯಾವ ರಾಜ್ಯದವರು ಅನ್ನುವುದೇ ತಕರಾರು. ಟೆಕ್ಸಾಸಿನವರಾದರೆ ಏನೂ ಕೊಡಬೇಕಿಲ್ಲ. ಮಿನೆಸೊಟಾದವರೇ ಆಗಿದ್ದರೆ ಪೂರ್ತಿ ತೆರಿಗೆ, ಮೇಲೆ ಬಡ್ಡಿ. ಟೆಕ್ಸಾಸಿನ ಲೆಕ್ಕಪರಿಶೋಧಕರು ಕಂತೆ ಕಂತೆ ಪುರಾವೆ ಕೊಟ್ಟಿದ್ದರು: ಮನೆ, ಓಟು, ಡಾಕ್ಟರು, ಗಾಡಿ, ಇಲ್ಲಿ ಕಳೆದ ದಿನಗಳ ಎಣಿಕೆ. ಈ ಕಡೆ ತಕ್ಕಡಿಯಲ್ಲಿದ್ದದ್ದು ಮೂರೇ. ಕೆರೆಯ ಮನೆ ಇಟ್ಟುಕೊಂಡದ್ದು, ಚರ್ಚಿನ ಪಟ್ಟಿಯಲ್ಲಿ ಹೆಸರು ಉಳಿದದ್ದು, ಮತ್ತೆ ಷೇರು ಮಾರುವ ಐದು ವಾರ ಮುಂಚೆ ತಾನು ಈ ರಾಜ್ಯದ ನಿವಾಸಿ ಅಂತ ಸೈನು ಹಾಕಿ ತೆಗೆದುಕೊಂಡ ಮೀನಿನ ಲೈಸೆನ್ಸು. ಆ ಸಾಲನ್ನು ನಾನು ಎರಡು ಸಲ ಓದಿದೆ. ಆರ್ವಿಡ್ ಕಿಟಕಿಯಾಚೆ ನೋಡುತ್ತಿದ್ದರು.

"ಸೋತ್ರೆ?" ಅಂದೆ.

"ದುಡ್ಡೆಲ್ಲಿದೆ ಈಗ? ಮನೆ ಮಾರಬೇಕು. ದಕ್ಕೆ ಸಮೇತ."

ದಕ್ಕೆ ಅಂದಾಗ ಅವರ ದನಿ ಸ್ವಲ್ಪ ಕೆಳಗಾಯಿತು. ನೀನು ಒತ್ತಿದ್ದರಿಂದ ಅನ್ನಲಿಲ್ಲ.

ನಾಲ್ಕು ದಿನಕ್ಕೆ ನನಗೂ ಒಂದು ಕಾಗದ ಬಂತು. ಮೂರು ಪ್ರಶ್ನೆ. ಈ ಲೈಸೆನ್ಸು ಮಾರಿದವರು ನೀವೇ? ನಿವಾಸದ ಪ್ರಶ್ನೆಯನ್ನು ಪ್ರತಿಯೊಬ್ಬರಿಗೂ ಕೇಳುವಿರಾ? ಈ ವ್ಯಕ್ತಿಗೆ ಕೇಳಿದಿರಾ, ಅವರು ಏನೆಂದರು? ಕೇಳದೆ ಕೊಟ್ಟವರ ಲೈಸೆನ್ಸು ಮಾರುವ ಹಕ್ಕನ್ನು ಕಿತ್ತುಕೊಳ್ಳುತ್ತಾರೆ. ಹಾಗೆ ಹಕ್ಕು ಹೋದ ಹುಳದಂಗಡಿ ನಾನೊಂದು ಕಂಡಿದ್ದೆ. ಲೈಸೆನ್ಸಿಗೆ ಅಂತ ಬಂದವರೇ ಹುಳ ಕೊಳ್ಳುವುದು. ಎರಡು ಬೇಸಿಗೆಯಲ್ಲಿ ಬಾಗಿಲು ಹಾಕಿತು. ನಾನು ಪೆನ್ನು ತೆಗೆದುಕೊಂಡು ಬರೆದೆ: "ಕೇಳಿದೆ. ಅವರೇ ಹೌದು ಎಂದರು." ಮತ್ತೆ ಯೋಚನೆ ಬಂದೀತು ಅಂತ ಅಂಗಡಿಗೆ ಬೀಗ ಹಾಕಿ ಹೋಗಿ ಅಂಚೆಗೆ ಹಾಕಿಯೇ ಬಂದೆ. ಇಪ್ಪತ್ತಾರು ವರ್ಷದಲ್ಲಿ ವ್ಯಾಪಾರದ ಹೊತ್ತಿನಲ್ಲಿ ಬೀಗ ಹಾಕಿದ್ದು ಅದೊಂದೇ ಸಲ. ಅಂಚೆಯ ಹುಡುಗಿ, "ಯಾರು ಸತ್ರು?" ಅಂದಳು.

ಆಮೇಲೆ ನಾನು ಒಳ್ಳೆಯವಳಾಗಲು ಹೊರಟೆ. ಆ ವಾರವೇ ಒಂದು ತಟ್ಟೆ ಲೆಫ್ಸೆ, ಅಂದರೆ ಆಲೂಗಡ್ಡೆಯ ತೆಳು ರೊಟ್ಟಿ, ಮಾಡಿಕೊಂಡು ಉತ್ತರ ದಂಡೆಗೆ ಹೋದೆ. ಆರ್ವಿಡ್ ದಕ್ಕೆಯ ಹಲಗೆ ಬದಲಿಸುತ್ತಿದ್ದರು. ಮಾರಬೇಕಾಗಿ ಬಂದೀತು ಅನ್ನುವ ದಕ್ಕೆಗೆ ಹೊಸ ಹಲಗೆ.

"ಆರ್ವಿಡ್, ಅವತ್ತು ಗುಂಡಿ ಒತ್ತಿದ್ದು ನಾನೇ ಅಂತ ಹೋಗಿ ಹೇಳ್ಲಾ?" ಅಂದೆ.

"ಬೇಡ ಬಿಡು. ಸೈನು ನಂದೇ ಅಲ್ವಾ. ನಿನ್ನ ಅಂಗಡಿಗೆ ತೊಂದ್ರೆ ಆಗುತ್ತೆ" ಅಂದರು.

ಅದು ಮೊದಲನೆಯದು.

ಎರಡನೆಯ ಸಲ ಚರ್ಚಿನ ನೆಲಮಾಳಿಗೆಯಲ್ಲಿ ಕೇಳಿದೆ, ಭಾನುವಾರ, ಕಾಫಿಯ ಹೊತ್ತಿಗೆ. ಸುತ್ತ ಹತ್ತು ಜನ. ಬೇಕೆಂದೇ ಅಲ್ಲಿ ಕೇಳಿದೆ ಅಂತ ಈಗ ಅನ್ನಿಸುತ್ತದೆ. ಜನರ ಎದುರಿಗೆ ಆ ಮನುಷ್ಯ ಹೂಂ ಅನ್ನುವುದಿಲ್ಲ ಅಂತ ನನಗೆ ಗೊತ್ತಿತ್ತು. "ಅಯ್ಯೋ, ನೀನ್ಯಾಕಮ್ಮ ಅಷ್ಟು ದೂರ ಹೋಗಿ ಕಷ್ಟಪಡ್ತೀಯ" ಅಂದರು. ಪಕ್ಕದಲ್ಲಿದ್ದ ಹೆಂಗಸು, "ಐಲಾ ಬಾಯಲ್ಲಿ ಇಷ್ಟು ಮೆತ್ತಗಿನ ಮಾತು! ಹುಷಾರಾಗಿದ್ದೀಯೇನೇ?" ಅಂದಳು. ಎಲ್ಲ ನಕ್ಕರು, ನಾನೂ ನಕ್ಕೆ.

ವಿಚಾರಣೆ ರಾಜಧಾನಿಯಲ್ಲಿ, ಆಗಸ್ಟಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಆರ್ವಿಡ್ ಆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು, ಗಾಡಿ ಓಡಿಸುವ ಹಾಗಿರಲಿಲ್ಲ. ನಾನು ಕರೆದುಕೊಂಡು ಹೋಗುತ್ತೇನೆ ಅಂದೆ. ಅದನ್ನು ಮಾತ್ರ ಮೂರು ಸಲ ಸರಿಯಾಗಿ ಕೇಳಿದೆ, ಒಪ್ಪಿದರು. ನಾಲ್ಕು ಗಂಟೆಯ ದಾರಿ. ಜೋಳದ ಬೆಳೆ, ಹೆದ್ದಾರಿ ರಿಪೇರಿ, ಯಾರದೋ ಮೊಣಕಾಲಿನ ಆಪರೇಷನ್, ಎಲ್ಲ ಮಾತಾಡಿದೆವು. ಆಮೇಲೆ ಸುಮಾರು ಇಪ್ಪತ್ತು ಮೈಲಿ ಅವರು ಮಡಿಲಲ್ಲಿ ಟೋಪಿ ಇಟ್ಟುಕೊಂಡು ಅದರ ಅಂಚನ್ನು ಸುತ್ತಿಸುತ್ತಿದ್ದರು. ಕಾಯುತ್ತಿದ್ದಾರೆ ಅಂತ ನನಗೆ ತಿಳಿಯಿತು.

ಕಚೇರಿಯ ಬಾಗಿಲಿನಲ್ಲಿ ಅವರು ಹಿಡಿಯ ಮೇಲೆ ಕೈಯಿಟ್ಟು ನಿಂತರು. ಒಳಗೆ ಹೋಗಲಿಲ್ಲ. ತಿರುಗಿ ನನ್ನನ್ನು ನೋಡಿದರು. ಪೊರೆ ತೆಗೆದ ಕಣ್ಣು, ತುಂಬ ತಿಳಿಯಾಗಿತ್ತು. ಏನಾದರೂ ಹೇಳುತ್ತೀಯಾ ಅನ್ನುವ ಮುಖ. ನಮ್ಮೂರಿನ ಯಾವ ಹೆಂಗಸಿಗಾದರೂ ಅದು ಯಾವ ಹೊತ್ತು ಅಂತ ಗೊತ್ತಾಗುತ್ತದೆ. ನನಗೂ ಗೊತ್ತಾಯಿತು. ಬಾಯಿ ತೆರೆದೆ. ಕಣ್ಣ ಮುಂದೆ ಆ ಅಂಚೆಗೆ ಹಾಕಿದ ಕಾಗದ ಬಂತು. ಈಗ ನಿಜ ಹೇಳಿದರೆ ಆಗ ಸುಳ್ಳು ಬರೆದೆ ಅಂತಲೂ ಹೇಳಬೇಕಲ್ಲ.

"ನಡೀರಿ, ಹೊತ್ತಾಯ್ತು" ಅಂದೆ.

"ಹೌದು, ಹೊತ್ತಾಯ್ತು" ಅಂದು ಅವರು ಬಾಗಿಲು ತಳ್ಳಿ, ನಾನು ಮೊದಲು ಹೋಗಲಿ ಅಂತ ಹಿಡಿದು ನಿಂತರು.

ಒಳಗೆ ಒಬ್ಬಳೇ ಅಧಿಕಾರಿ, ಮೆತ್ತಗಿನ ಮಾತಿನ ಹೆಂಗಸು. ನಮಗೆ ನೀರು ತರಿಸಿದಳು. "ತಾವು ಯಾರು?" ಅಂತ ನನ್ನನ್ನು ಕೇಳಿದಳು. "ಗಾಡಿ ಓಡಿಸೋಳು" ಅಂದೆ. ಆರ್ವಿಡ್‌ಗೆ ಅಡ್ಡಿಯಿಲ್ಲದಿದ್ದರೆ ಕೂರಬಹುದು ಅಂದಳು. ಆರ್ವಿಡ್ ತಲೆಯಾಡಿಸಿದರು, ಕೂತೆ. ಒಂದು ಗಂಟೆ ಕಾಗದಗಳನ್ನು ಒಂದೊಂದಾಗಿ ನೋಡಿದಳು. ನ್ಯಾಯವಾಗಿಯೇ ನೋಡಿದಳು, ಅವಳ ಮೇಲೆ ನನ್ನದೇನೂ ದೂರಿಲ್ಲ. ಕೊನೆಗೆ ಒಂದು ಹಾಳೆ ಎತ್ತಿಕೊಂಡಳು. ನನ್ನ ಅಕ್ಷರ ಮೇಜಿನ ಈ ಕಡೆಯಿಂದಲೇ ಕಂಡಿತು.

"ಮೋಯೆನ್ ಅವರೇ, ಉಳಿದದ್ದೆಲ್ಲ ನಿಮ್ಮ ಕಡೆಗೇ ಇದೆ. ಈ ಲೈಸೆನ್ಸು ಒಂದೇ ನನ್ನನ್ನ ತಡೀತಿರೋದು. ಕೆಲವು ಸಲ ಅಂಗಡಿಯವರು ಕೇಳದೇನೇ ಕೊಟ್ಬಿಡ್ತಾರೆ. ಹಾಗೇನಾದ್ರೂ ಆಗಿದ್ರೆ ಇದಕ್ಕೆ ನಾನು ತೂಕ ಕೊಡಲ್ಲ. ಆದ್ರೆ ಇಲ್ಲಿ ಅಂಗಡಿಯವರು ಬರೆದಿದಾರೆ, 'ಕೇಳಿದೆ, ಅವರೇ ಹೌದು ಎಂದರು' ಅಂತ. ಇದು ನಿಜಾನಾ?"

ಆರ್ವಿಡ್ ನನ್ನ ಕಡೆ ನೋಡಲಿಲ್ಲ. ಆ ಕಾಗದದ ವಿಷಯ ಅವರಿಗೆ ಗೊತ್ತಾದದ್ದೇ ಆ ಕ್ಷಣ. ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟು ನೋಡಿಕೊಂಡರು. ಅಲಗು ಬಾಗಿಸಿದ ಕೈಗಳು, ಎಡಗೈಯ ಒಂದು ಬೆರಳು ಮೊಂಡು. ಒಂದು ಮಾತು ಸಾಕಿತ್ತು. ಅವರು ಇಲ್ಲ ಅಂದಿದ್ದರೆ ಮನೆ ಉಳಿಯುತ್ತಿತ್ತು. ನಾನು ಎದ್ದು ಆ ಅಂಗಡಿಯವಳು ನಾನೇ ಅಂದಿದ್ದರೂ ಉಳಿಯುತ್ತಿತ್ತು.

"ನಿಜ. ಕೇಳಿದ್ಲು. ನಾನೇ ಹೌದು ಅಂದೆ" ಅಂದರು ಆರ್ವಿಡ್.

ನಾನು ನೀರು ಕುಡಿದೆ. ನಾಚಿಕೆಗೆ ರುಚಿ ಇರುತ್ತದೆ ಅಂತ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಆ ನೀರಿನ ರುಚಿ ಇವತ್ತಿಗೂ ನಾಲಗೆಯ ಮೇಲಿದೆ.

ಬರುವಾಗ ಹೆದ್ದಾರಿಯ ಹೋಟೆಲಿನಲ್ಲಿ ನಿಲ್ಲಿಸಿದೆ. ಕೂತ ಕೂಡಲೇ ಆರ್ವಿಡ್, "ಕಾಫಿ ಕುಡೀತೀಯಾ, ಐಲಾ?" ಅಂದರು. ಬೇಡ ಅಂದೆ, ನಿಜವಾಗಿಯೂ ಬೇಡವಾಗಿತ್ತು. ಸ್ವಲ್ಪ ಹೊತ್ತು ಬಿಟ್ಟು, ಮೋಡ ಕಟ್ಟಿದೆ ಅಂತ ಹೇಳಿ, ಇನ್ನೊಮ್ಮೆ ಕೇಳಿದರು. ಬೇಡ ಅಂದೆ. ಮೂರನೆಯ ಸಲವೂ ಕೇಳಿದರು, ಅದೇ ದನಿಯಲ್ಲಿ, ಒಂದಿಷ್ಟೂ ಅವಸರವಿಲ್ಲದೆ. "ಅರ್ಧ ಲೋಟ" ಅಂದೆ. ಅವರೇ ಎದ್ದು ಹೋಗಿ ತಂದುಕೊಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ತೀರ್ಪು ಸೆಪ್ಟೆಂಬರಿನಲ್ಲಿ ಬಂತು. ಆ ವರ್ಷ ಆರ್ವಿಡ್ ಮೋಯೆನ್ ಮಿನೆಸೊಟಾದ ನಿವಾಸಿಯೇ. ಮೇಲ್ಮನವಿಗೆ ಅರವತ್ತು ದಿನವಿತ್ತು. ಆ ಅರವತ್ತು ದಿನವನ್ನೂ ನಾನು ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾ ಹೋದೆ. ನಾಳೆ ಹೋಗಿ ಹೇಳುತ್ತೇನೆ, ಹಂಗಾಮು ಮುಗಿಯಲಿ, ಆಮೇಲೆ ಹೇಳುತ್ತೇನೆ. ಹಾಗೇ ಮುಗಿಯಿತು. ಅಕ್ಟೋಬರಿನಲ್ಲೇ ಮನೆ ಮಾರಾಟವಾಗಿತ್ತು. ಕೊಂಡವರು ಪ್ಯಾಟೆಯ ಡಾಕ್ಟರು ದಂಪತಿ. ಕೆಟ್ಟವರಲ್ಲ. ಹಳೆಯ ದಕ್ಕೆ ಕಿತ್ತು ಅಲ್ಯೂಮಿನಿಯಂದು ಹಾಕಿಸಿದರು, ದಾರಿಗೆ ಗೇಟು ಇಟ್ಟರು. ಆರ್ವಿಡ್ ಬದಲಿಸಿದ್ದ ಹೊಸ ಹಲಗೆಗಳು ರಸ್ತೆ ಬದಿಯಲ್ಲಿ ಬಿದ್ದಿದ್ದವು. ನಾನು ಒಂದನ್ನು ಎತ್ತಿ ತಂದೆ. ಅಂಗಡಿಯ ಹಿಂದೆ ಒರಗಿಸಿಟ್ಟಿದ್ದೇನೆ, ಏನು ಮಾಡಬೇಕೋ ಗೊತ್ತಿಲ್ಲ.

ಅವರು ಇನ್ನು ಬರುವುದಿಲ್ಲ ಅಂದುಕೊಂಡಿದ್ದೆ. ಮೊನ್ನೆ ಮೇ ತಿಂಗಳ ಆ ಶುಕ್ರವಾರ ಬಂದರು. ಸಾಲು ಕರಗಿದ ಮೇಲೆ, ಮಧ್ಯಾಹ್ನ. ಊರಾಚೆಯ ಮೋಟೆಲಿನಲ್ಲಿ ಇಳಿದಿದ್ದಾರಂತೆ. ಬಂದವರು ಹುಳದ ಪೆಟ್ಟಿಗೆಯ ಮುಚ್ಚಳ ತೆಗೆದು ಮೂಸಿದರು.

"ಕಾಫಿ ಚರಟ ಹಾಕಿದ್ದೀಯ" ಅಂದರು.

"ಹೂಂ. ಈಗ ಹಾಕ್ತಿದೀನಿ."

"ಒಂದು ಲೈಸೆನ್ಸು ಕೊಡು." ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು.

ಹೆಸರು ಹೊಡೆದೆ. ಆ ಪ್ರಶ್ನೆ ಬಂತು. ಬೆರಳು ಗುಂಡಿಯ ಮೇಲೆ ನಿಂತಿತು.

"ಈ ಸಲ ಕೇಳು, ಐಲಾ" ಅಂದರು. ಕೋಪವಿರಲಿಲ್ಲ. ಹಳೆಯ ಮೋಟಾರಿಗೆ ಎಣ್ಣೆ ಎಲ್ಲಿ ಬಿಡಬೇಕು ಅಂತ ತೋರಿಸಿಕೊಡುವ ದನಿ.

ಕೇಳಿದೆ. "ಈ ರಾಜ್ಯದ ನಿವಾಸೀನಾ?"

"ಅಲ್ಲ. ಹೊರಗಿನವನು" ಅಂದರು. ಆಮೇಲೆ ಸ್ವಲ್ಪ ನಕ್ಕು, "ಆ ಒಂದು ವರ್ಷ ಮಾತ್ರ ಇಲ್ಲಿಯವನು. ಸರ್ಕಾರವೇ ಬರೆದುಕೊಟ್ಟಿದೆ" ಅಂದರು.

ಇಲ್ಲ ಅಂತ ಒತ್ತಿದೆ. ಕಾಗದ ಬರುವಷ್ಟರಲ್ಲಿ ಮಾತು ನನ್ನ ಬಾಯಿಂದ ತಾನಾಗಿ ಹೊರಬಂತು. "ಆರ್ವಿಡ್, ನಾನು ಹೋಗಿ ಹೇಳ್ತೀನಿ. ಅಂಗಡಿ ಹೋದ್ರೆ ಹೋಗ್ಲಿ. ನಾನು ಕೇಳಿರಲಿಲ್ಲ, ಸುಳ್ಳು ಬರೆದೆ ಅಂತ ಹೇಳ್ತೀನಿ. ಈಗಲಾದ್ರೂ ಹೇಳ್ತೀನಿ."

ಅವರು ಲೈಸೆನ್ಸನ್ನು ಕೈಗೆ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ, ಒಂದೊಂದು ಸಾಲೂ ಓದಿದರು. ಸೈನು ಹಾಕಿದರು.

"ಬೇಡ" ಅಂದರು. "ಇದು ಮೂರನೇದು, ಅಲ್ವಾ?"

ನಾನು ಹೂಂ ಅಂದೆ.

ಎರಡು ಡಬ್ಬಿ ಹುಳ ಕೊಂಡರು. ಬಾಗಿಲವರೆಗೆ ಹೋದವರು ನಿಂತು, ಟೋಪಿಯ ಅಂಚು ಸುತ್ತಿಸುತ್ತಾ, ಒಂದು ಮಾತು ಕೇಳಿದರು. "ಐಲಾ, ದೋಣಿ ಇಳಿಸೋಕೆ ಎಲ್ಲರೂ ಹೋಗೋ ಜಾಗ ಇದೆಯಲ್ಲ, ಅದು ಎಲ್ಲಿ ಬರುತ್ತೆ? ನಾನು ಯಾವತ್ತೂ ಅಲ್ಲಿಂದ ಇಳಿಸಿಲ್ಲ ನೋಡು."

ಕೌಂಟರಿನ ಕೆಳಗೆ ಹೊರಗಿನಿಂದ ಬಂದವರಿಗೆ ಕೊಡುವ ಕೆರೆಯ ನಕ್ಷೆಯ ಕಟ್ಟು ಇರುತ್ತದೆ. ಒಂದು ತೆಗೆದು, ದಕ್ಷಿಣ ದಂಡೆಯಲ್ಲಿ ಪೆನ್ನಿನಿಂದ ಗುರುತು ಹಾಕಿ ಕೊಟ್ಟೆ. ಅವರು ಅದನ್ನು ನಾಲ್ಕಾಗಿ ಮಡಚಿ, ಲೈಸೆನ್ಸಿನ ಜೊತೆ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಥ್ಯಾಂಕ್ಸ್ ಹೇಳಿ ಹೋದರು.